ಟೋನರ್ ಹಾಕಿದ್ರೂ ಕಿತ್ತಳೆ ಹೋಗ್ತಿಲ್ವಾ? ತಪ್ಪು ಎಲ್ಲಾಗಿದೆ ಅಂತ ಹುಡುಕೋದು ಹೀಗೆ

ಒಂದು ಶುಕ್ರವಾರ ಬೆಳಗ್ಗೆ ನಾನು ಪಾರ್ಲರ್ ಶಟರ್ ಎತ್ತೋಕೂ ಮುಂಚೆ ಒಬ್ಳು ಹುಡುಗಿ ಅವಳ ಅಮ್ಮನ ಜೊತೆ ಬಾಗಿಲಲ್ಲಿ ನಿಂತಿದ್ಲು, ತಲೆಗೆ ದುಪಟ್ಟಾ ಬಿಗಿಯಾಗಿ ಸುತ್ಕೊಂಡು. ಭಾನುವಾರ ನಿಶ್ಚಿತಾರ್ಥ ಅಂತೆ. ಒಳಗೆ ಬಂದು ದುಪಟ್ಟಾ ಬಿಚ್ಚಿದ್ಲು ನೋಡಿ, ಕಿವಿಯಿಂದ ಕೆಳಗೆ ಪೂರ್ತಿ ಕನಕಾಂಬರದ ಬಣ್ಣ, ಬುಡದಲ್ಲಿ ಎರಡು ಬೆರಳಷ್ಟು ಜಾಗ ಮಾತ್ರ ಹಳದಿ. "ಅಕ್ಕಾ ಬ್ಲೀಚ್ ಮಾಡಿ ಮೂರು ಸಲ ಟೋನರ್ ಹಾಕ್ದೆ, ಒಂಚೂರೂ ಬದಲಾಗ್ಲಿಲ್ಲ, ಅಂಗಡಿಯವ್ನು ಡೂಪ್ಲಿಕೇಟ್ ಮಾಲು ಕೊಟ್ಟಿದಾನೆ ಅನ್ಸತ್ತೆ" ಅಂತ ಬ್ಯಾಗಿಂದ ಖಾಲಿ ಬಾಟ್ಲಿ ತೆಗೆದು ಕೈಗೆ ಕೊಟ್ಲು. ಅವಳಮ್ಮ ಮಾತ್ರ ಕುರ್ಚಿಯಲ್ಲಿ ಕೂತು ಸೀಲಿಂಗ್ ನೋಡ್ತಾ ಇದ್ರು, ಮನೇಲಿ ಆಗ್ಲೇ ಬೇಕಾದಷ್ಟು ಆಗಿದೆ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಬಾಟ್ಲಿ ತಿರುಗಿಸಿ ನೋಡ್ದೆ. ಮಾಲು ಸರಿಯಾಗೇ ಇತ್ತು. ಟೋನರ್ ಅಂದ್ರೆ ಬ್ಲೀಚ್ ಆದ್ಮೇಲೆ ಉಳಿಯೋ ಹಳದಿ-ಕಿತ್ತಳೆ ಮರೆಸೋಕೆ ಹಚ್ಚೋ ಬಣ್ಣ, ಕೂದಲು ಎಷ್ಟು ತಿಳಿ ಅನ್ನೋ ಲೆಕ್ಕ ಲೆವೆಲ್. ಅದು 10ನೇ ಲೆವೆಲ್‌ನ ನೇರಳೆ ಟೋನರ್, ಅವಳ ಕೂದಲು 7 ಕೂಡ ಸರಿಯಾಗಿ ದಾಟಿರ್ಲಿಲ್ಲ. ಮೂರಲ್ಲ ಮೂವತ್ತು ಸಲ ಹಾಕಿದ್ರೂ ಅಷ್ಟೇ.

ನನ್ನ ಹತ್ರ ಬರೋ ಟೋನರ್ ಕೇಸುಗಳಲ್ಲಿ ಮುಕ್ಕಾಲು ಪಾಲು ಇದೇ ಕಥೆ, ಟೋನರ್ ಕೆಟ್ಟದ್ದಲ್ಲ, ಕೂದಲು ಯಾವ ಲೆವೆಲ್ಲಲ್ಲಿ ನಿಂತಿದೆ ಅಂತ ನೋಡದೆ ಟೋನರ್ ತಂದಿರ್ತಾರೆ. ಅದಕ್ಕೇ ಇನ್ನೊಂದು ಬಾಟ್ಲಿ ತರೋಕೆ ಓಡೋ ಮುಂಚೆ ಇದನ್ನ ಒಂದ್ಸಲ ಓದ್ಕೊಳ್ಳಿ.

ಟೋನರ್ ಕೆಲಸ ಏನು, ಏನಲ್ಲ

ನಮ್ಮಜ್ಜಿ ತಾತನ ಬಿಳಿ ಪಂಚೆಗೆ ನೀಲಿ ಹಾಕೋರು. ಈಗ ಉಜಾಲಾ ಹಾಕ್ತೀವಿ, ಬಕೆಟ್ ನೀರಿಗೆ ನಾಲ್ಕು ಹನಿ ಬಿಟ್ರೆ ನೀರು ನೇರಳೆ ಆಗತ್ತೆ ಗಮನಿಸಿದೀರಾ? ಹಳದಿ ತಿರುಗಿದ ಬಟ್ಟೆ ಮೇಲೆ ಆ ತಿಳಿ ನೇರಳೆ ಕೂತ್ರೆ ಹಳದಿ ಕಣ್ಣಿಗೆ ಕಾಣೋದು ನಿಲ್ಲತ್ತೆ, ಬಿಳಿ ಕಾಣತ್ತೆ. ಟೋನರ್ ಮಾಡೋದೂ ಅಷ್ಟೇ. ಸಾಂಬಾರ್ ಚೆಲ್ಲಿದ ಪಂಚೆನ ತೊಳೀದೆ ಹಾಗೇ ನೀಲಿಗೆ ಅದ್ದಿದ್ರೆ ಬಿಳಿ ಆಗತ್ತಾ? ಆಗಲ್ಲ. ಮೊದಲು ಒಗೀಬೇಕು. ಕೂದಲಿಗೆ ಒಗೆಯೋ ಕೆಲಸ ಬ್ಲೀಚ್‌ದು, ನೀಲಿ ಹಾಕೋ ಕೆಲಸ ಟೋನರ್‌ದು, ಒಂದರ ಕೆಲಸ ಇನ್ನೊಂದರ ಕೈಲಿ ಮಾಡಿಸೋಕೆ ಹೋದಾಗ್ಲೇ ಎಡವಟ್ಟು. (ಉಜಾಲಾನೇ ತಲೆಗೆ ಹಾಕ್ಬೋದಾ ಅಂತ ಕೇಳೋರು ವರ್ಷಕ್ಕೆ ಒಬ್ರಾದ್ರೂ ಸಿಗ್ತಾರೆ, ಬೇಡ, ಅದು ಬಟ್ಟೆಗೆ.)

ಕಪ್ಪು ಕೂದಲೊಳಗೆ ಎರಡು ಥರದ ಮೆಲನಿನ್ ಇರತ್ತೆ, ಕಪ್ಪು-ಕಂದು ಕೊಡೋದು ಒಂದು, ಕೆಂಪು-ಹಳದಿ ಕೊಡೋದು ಇನ್ನೊಂದು. ಬ್ಲೀಚ್ ಹಾಕಿದಾಗ ಕಪ್ಪು ಬೇಗ ಒಡೆದು ಹೋಗತ್ತೆ, ಕೆಂಪು-ಹಳದಿ ಹಠ ಮಾಡಿ ಕೂತಿರತ್ತೆ, ಅದಕ್ಕೇ ನಮ್ಮಂಥ ಕಪ್ಪು ಕೂದಲಿನೋರಿಗೆ ದಾರಿ ಮಧ್ಯೆ ಕಿತ್ತಳೆ ಸಿಗದೆ ಇರಲ್ಲ. ಅದು ಯಾರ ತಪ್ಪೂ ಅಲ್ಲ. ಬೆಂಗಳೂರಿಂದ ಮೈಸೂರಿಗೆ ಹೊರಟು ಮಂಡ್ಯದಲ್ಲಿ ಇಳಿದುಬಿಟ್ಟು ಅರಮನೆ ಎಲ್ಲಿ ಅಂತ ಕೇಳಿದ ಹಾಗೆ ಅಷ್ಟೇ.

ಮೊದಲ ಪರೀಕ್ಷೆ: ಕೂದಲು ಎಲ್ಲಿ ನಿಂತಿದೆ

ಪಾರ್ಲರ್ ಲೈಟಲ್ಲಿ ನೋಡ್ಬೇಡಿ, ಬಾತ್ರೂಮ್ ಹಳದಿ ಬಲ್ಬಲ್ಲಂತೂ ಬೇಡವೇ ಬೇಡ, ಆ ಬೆಳಕಲ್ಲಿ ಎಲ್ಲಾ ಚಿನ್ನದ ಹಾಗೇ ಕಾಣತ್ತೆ. ಹಗಲು ಕಿಟಕಿ ಹತ್ರ ಬನ್ನಿ, ನೇರ ಬಿಸಿಲು ಬೇಡ. ಕೂದಲು ಪೂರ್ತಿ ಒಣಗಿರ್ಬೇಕು, ಒದ್ದೆ ಕೂದಲು ಒಂದು ಶೇಡ್ ಗಾಢ ಕಾಣತ್ತೆ. ಒಂದು ಎಳೆ ಗುಂಪು ಹಿಡಿದು ಕೆಳಗೆ ಬಿಳಿ ಟಿಶ್ಯೂ ಇಡಿ. ಬುಡ, ನಡು, ತುದಿ ಮೂರೂ ಕಡೆ ಬೇರೆ ಬೇರೆ ನೋಡಿ, ಮೂರೂ ಒಂದೇ ಇರೋದು ಅಪರೂಪ.

ಕೂದಲಿಗೆ 1ರಿಂದ 10ರ ತನಕ ಲೆವೆಲ್ ಲೆಕ್ಕ. 1 ಅಂದ್ರೆ ಕಾಡಿಗೆ ಕಪ್ಪು, 10 ಅಂದ್ರೆ ತೀರಾ ತಿಳಿ. ನಮ್ಮೋರದ್ದು ಹೆಚ್ಚಾಗಿ 1, 2, ಎಲ್ಲೋ ಒಬ್ಬೊಬ್ರದ್ದು 3. ಬ್ಲೀಚ್ ಆದ್ಮೇಲೆ ಏನು ಕಾಣತ್ತೆ ಅನ್ನೋದಕ್ಕೆ ನಾನು ನನ್ನ ಹುಡುಗೀರಿಗೆ ಹೇಳ್ಕೊಡೋದು ಹೀಗೆ: ಇಟ್ಟಿಗೆ ಕೆಂಪು ಇದ್ರೆ 5. ಹುಣಸೆಹಣ್ಣಲ್ಲಿ ತಿಕ್ಕಿದ ತಾಮ್ರದ ಚೊಂಬಿನ ಹಾಗಿದ್ರೆ 6. ಕನಕಾಂಬರ ಇದ್ರೆ 7. ಮಾವಿನ ಹಣ್ಣಿನ ತಿರುಳು, ಅಂದ್ರೆ ಹಳದಿಯಲ್ಲಿ ಇನ್ನೂ ಸ್ವಲ್ಪ ಕಿತ್ತಳೆ ಇದೆ ಅಂದ್ರೆ 8. ಹೆಸರುಬೇಳೆ ಥರ ಬರೀ ಹಳದಿ ಇದ್ರೆ 9. ಬಾಳೆಹಣ್ಣಿನ ಸಿಪ್ಪೆ ಒಳಗಡೆ ಭಾಗ ಇರತ್ತಲ್ಲ, ಬಿಳಿ ಅನ್ನೋಕಾಗಲ್ಲ ಹಳದಿ ಅನ್ನೋಕೂ ಆಗಲ್ಲ, ಅದು 10.

ಈಗ ಯಾವುದಕ್ಕೆ ಯಾವ ಮದ್ದು. ಕೆಂಪಿಗೆ ಹಸಿರು, ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ. ಬಣ್ಣದ ಚಕ್ರದಲ್ಲಿ ಎದುರುಬದುರು ಕೂರೋ ಜೋಡಿಗಳು ಇವು, ಒಂದನ್ನೊಂದು ತಿಂದುಹಾಕ್ತವೆ. ಮಾವಿನ ತಿರುಳಿನ ಹಂತಕ್ಕೆ ಎರಡೂ ಬೆರೆತಿರೋದ್ರಿಂದ ನೀಲಿ-ನೇರಳೆ ಮಿಶ್ರ ಬೇಕು. ಇಷ್ಟು ಬಾಯಿಪಾಠ ಆದ್ರೆ ಅರ್ಧ ಕೆಲಸ ಮುಗೀತು.

ಇಲ್ಲೊಂದು ಮೋಸ ಇದೆ, ಡಬ್ಬಿ ಮೇಲಿನ ನಂಬರ್. ಚುಕ್ಕೆ ಅಥವಾ ಗೀಟಿನ ಮುಂಚೆ ಇರೋದು ಲೆವೆಲ್, ಆಮೇಲೆ ಇರೋದು ಛಾಯೆ, ಇದು ಸರಿ. ಆದ್ರೆ ಛಾಯೆ ನಂಬರ್ ಕಂಪನಿಗೊಂದು ಥರ. ಲೋರಿಯಲ್‌ನಲ್ಲಿ ನೇರಳೆ ಛಾಯೆ ಅಂದ್ರೆ .2, ವೆಲ್ಲಾದಲ್ಲಿ ನೇರಳೆಗೆ /6. ವೆಲ್ಲಾದ /8 ಅಂದ್ರೆ ನೀಲಿ ಕಡೆಯ ಮುತ್ತಿನ ಛಾಯೆ. ಒಂದು ಕಂಪನಿ ವಿಡಿಯೋ ನೋಡಿ ಅದೇ ನಂಬರ್ ಇನ್ನೊಂದು ಕಂಪನಿದು ತಗೊಂಡ್ರೆ ಕೆಟ್ಟಿರಿ. ಶೇಡ್ ಕಾರ್ಡ್ ಕೇಳಿ, ಅಂಗಡಿಯವ್ರು ಕೊಡ್ತಾರೆ.

ಎರಡನೇದು, ಕೂದಲಿನ ಹಳೇ ಲೆಕ್ಕ

ಬಣ್ಣ ನೋಡಿ ಆಯ್ತು, ಈಗ ನೆನಪು ಮಾಡ್ಕೊಳ್ಳಿ, ಕಳೆದ ಎರಡು ಮೂರು ವರ್ಷದಲ್ಲಿ ಈ ಕೂದಲಿಗೆ ಏನೇನು ಬಿದ್ದಿದೆ? ಕೂದಲು ತಿಂಗಳಿಗೆ ಹತ್ತಿರತ್ತಿರ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೆಳೆಯತ್ತೆ, ಅಂದ್ರೆ ಸೊಂಟದ ತನಕ ಇರೋ ಜಡೆಯ ತುದಿ ಐದಾರು ವರ್ಷದ ಹಳೇದು. ನೀವು ಕಾಲೇಜಲ್ಲಿದ್ದಾಗ ಹಚ್ಚಿದ ಮೆಹಂದಿ ಅಲ್ಲೇ ಕೂತಿದೆ.

ಮೆಹಂದಿ ವಿಷಯ ಸ್ವಲ್ಪ ಉದ್ದ ಹೇಳ್ಬೇಕು ಯಾಕಂದ್ರೆ ನಮ್ಮಲ್ಲಿ ಮೆಹಂದಿ ಹಚ್ಚದ ತಲೆ ಸಿಗೋದೇ ಕಷ್ಟ. ಮೆಹಂದಿ ಎಲೆಯಲ್ಲಿರೋ ಲಾಸೋನ್ ಅನ್ನೋ ಬಣ್ಣ ಕೂದಲಿನ ಪ್ರೊಟೀನ್ ಆದ ಕೆರಾಟಿನ್‌ಗೆ ಹೋಗಿ ಅಂಟ್ಕೊಳ್ಳತ್ತೆ, ಬ್ಲೀಚ್ ಹಾಕಿದ್ರೆ ಕಪ್ಪು ಹೋಗತ್ತೆ ಆದ್ರೆ ಆ ಕಿತ್ತಳೆ ಜಪ್ಪಯ್ಯ ಅಂದ್ರೂ ಪೂರ್ತಿ ಹೋಗಲ್ಲ. ಇಂಥ ಕೂದಲಿಗೆ ನೇರಳೆ ಟೋನರ್ ಹಾಕಿ ಪ್ಲಾಟಿನಂ ಬರ್ಲಿಲ್ಲ ಅಂತ ಅಳೋದು ವ್ಯರ್ಥ. ಮೆಹಂದಿ ಮೇಲೆ ಇಂಡಿಗೋ ಪುಡಿ ಹಚ್ಚಿದ್ರೆ ಇನ್ನೂ ಮಜಾ, ಬ್ಲೀಚ್ ಬಿದ್ದ ಕೂಡಲೇ ಅಲ್ಲಲ್ಲಿ ಹಸಿರು ಇಣುಕತ್ತೆ.

ಇನ್ನು ಕಬ್ಬಿಣದ ಬಾಣಲೆಯಲ್ಲಿ ಟೀ ಡಿಕಾಕ್ಷನ್ ಹಾಕಿ ರಾತ್ರಿಯೆಲ್ಲಾ ನೆನೆಸಿಟ್ಟ ಮೆಹಂದಿ. ಬಣ್ಣ ಗಾಢ ಬರ್ಲಿ ಅಂತ ಮಾಡೋದು, ಬರತ್ತೆ ಕೂಡ, ಆದ್ರೆ ಕಬ್ಬಿಣದ ಅಂಶ ಕೂದಲಲ್ಲಿ ಉಳಿಯತ್ತೆ, ಅದಕ್ಕೂ ಬ್ಲೀಚಿಗೆ, ಟೋನರಿಗೆ ಬೆರೆಸೋ ಪೆರಾಕ್ಸೈಡ್‌ಗೂ ಆಗಿಬರಲ್ಲ. ಲೋಹದ ಲವಣ ಬೆರೆಸಿದ ಅಗ್ಗದ ಪ್ಯಾಕೆಟ್ ಪುಡಿ ಇನ್ನೂ ಅಪಾಯ, ಬ್ಲೀಚ್ ಬಿದ್ರೆ ಕೂದಲು ಬಿಸಿಯೇರಿ ಕರಗಿದ ಹಾಗಾಗತ್ತೆ.

ಅನುಮಾನ ಇದ್ರೆ ಮನೇಲೇ ನೋಡ್ಬೋದು. ಬಾಚಣಿಗೆಯಲ್ಲಿ ಉದುರಿದ ಕೂದಲು ಒಂದಷ್ಟು ಕೂಡಿಟ್ಕೊಳ್ಳಿ. ಗಾಜಿನ ಲೋಟಕ್ಕೆ 30 ಎಂಎಲ್ 20 ವಾಲ್ಯೂಮ್ ಡೆವಲಪರ್ (ಪೆರಾಕ್ಸೈಡ್ ದ್ರಾವಣ, ವಾಲ್ಯೂಮ್ ಅಂದ್ರೆ ಅದರ ಜೋರು), ನೀರಿನ ಥರ ಇರೋದು, ಕ್ರೀಮ್ ಅಲ್ಲ, ಅದಕ್ಕೆ 20 ಹನಿ ಅಮೋನಿಯಾ, ಕೂದಲು ಮುಳುಗಿಸಿ ಅರ್ಧ ಗಂಟೆ ಬಿಡಿ, ಕಿಟಕಿ ತೆಗೆದಿಡಿ. ಗುಳ್ಳೆ ಜಾಸ್ತಿ ಬಂದ್ರೆ, ಲೋಟ ಮುಟ್ಟಿದ್ರೆ ಬೆಚ್ಚಗಿದ್ರೆ, ಕೆಟ್ಟ ವಾಸನೆ ಬಂದ್ರೆ ಆ ತಲೆಗೆ ಬ್ಲೀಚೂ ಬೇಡ ಟೋನರೂ ಬೇಡ, ಆ ಭಾಗ ಬೆಳೆದು ಕತ್ತರಿಸೋ ತನಕ ಕಾಯೋದೇ. ಏನೂ ಆಗದೆ ಸುಮ್ಮನೆ ಬಣ್ಣ ತಿಳಿಯಾದ್ರೆ ಮುಂದೆ ಹೋಗ್ಬೋದು.

ಒಂದು ಎಳೆ ಒದ್ದೆ ಮಾಡಿ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದೂ ನೋಡಿ. ಚೂರು ಹಿಗ್ಗಿ ವಾಪಸ್ ಬಂದ್ರೆ ಸರಿ. ಶಾವಿಗೆ ಥರ ಉದ್ದಕ್ಕೆ ಹೋಗಿ ಪಟ್ ಅಂದ್ರೆ ಅಲ್ಲಿಗೆ ನಿಲ್ಸಿ. ಬಣ್ಣ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ತಲೆ ಮೇಲೆ ಕೂದಲು ಇರ್ಲಿ.

ಟೋನರ್ ಹಾಕಿದ್ರೂ ಏನೂ ಆಗ್ಲಿಲ್ಲ

ಇದೇ ಆ ಹುಡುಗಿ ಕೇಸು. ವಿಡಿಯೋಗಳಲ್ಲೆಲ್ಲಾ ತೋರ್ಸೋ ವೆಲ್ಲಾ ಟಿ18 ಇದ್ಯಲ್ಲ, ಅದು ಬಾಳೆಹಣ್ಣಿನ ಸಿಪ್ಪೆ ಹಂತದ ಕೂದಲಿಗೆ ಮಾಡಿರೋ ನೇರಳೆ ಟೋನರ್. ಕಿತ್ತಳೆ ಮೇಲೆ ಅದನ್ನ ಹಾಕೋದು ಅಂದ್ರೆ ಹುಳಿ ಪಾತ್ರೆಗೆ ಒಂದು ಚಮಚ ಹಾಲು ಬಿಟ್ಟು ಪಾಯಸ ಆಗ್ಲಿಲ್ಲ ಅಂದ ಹಾಗೆ. ಒಂದು ಅದರ ಬಣ್ಣ ತೀರಾ ತೆಳು, ಎರಡನೇದು ಕಿತ್ತಳೆಗೆ ಬೇಕಾಗಿದ್ದು ನೀಲಿ.

ಇಲ್ಲಿ ದಾರಿ ಎರಡೇ. ಕೂದಲಿಗೆ ಶಕ್ತಿ ಇದೆ, ಟೈಮ್ ಇದೆ ಅಂದ್ರೆ ಕನಿಷ್ಠ ಎರಡು ವಾರ ಬಿಟ್ಟು ಇನ್ನೊಂದ್ಸಲ ಬ್ಲೀಚ್ ಮಾಡ್ಸಿ ಹೆಸರುಬೇಳೆ ತನಕ ತಂದು ಆಮೇಲೆ ನೇರಳೆ. ಟೈಮ್ ಇಲ್ಲ ಅಂದ್ರೆ ಆಸೆ ಸ್ವಲ್ಪ ಕೆಳಗಿಳಿಸಿ, ಇರೋ ಲೆವೆಲ್ಲಲ್ಲೇ ಅಥವಾ ಒಂದು ಲೆವೆಲ್ ಕೆಳಗೆ ನೀಲಿ ಬೂದಿ ಛಾಯೆ ಹಾಕಿ ತಣ್ಣನೆ ಕಂದು ಮಾಡ್ಕೊಳ್ಳಿ. ನನ್ನ ಕೇಳಿದ್ರೆ ನಮ್ಮ ಮೈಬಣ್ಣಕ್ಕೆ ಎರಡನೇದೇ ಚೆನ್ನಾಗಿ ಒಪ್ಪತ್ತೆ, ಹತ್ತು ಜನರಲ್ಲಿ ಎಂಟು ಜನಕ್ಕೆ ಮಾಡಿದ್ಮೇಲೆ ಅಯ್ಯೋ ಮೊದ್ಲೇ ಇದನ್ನೇ ಮಾಡ್ಕೋಬೇಕಿತ್ತು ಅನ್ಸತ್ತೆ.

ಲೆವೆಲ್ ಸರಿಯಿದ್ದೂ ಏನೂ ಆಗ್ಲಿಲ್ಲ ಅಂದ್ರೆ ಡೆವಲಪರ್ ಮೇಲೆ ಅನುಮಾನ ಪಡಿ. ಮುಚ್ಚಳ ಸರಿಯಾಗಿ ಹಾಕದೆ ಆರು ತಿಂಗಳು ಬಾತ್ರೂಮ್ ಶೆಲ್ಫಲ್ಲಿ ಬಿಸಿಲಿಗೆ ಇಟ್ಟಿದ್ದ ಪೆರಾಕ್ಸೈಡ್ ಬರೀ ನೀರಾಗಿರತ್ತೆ. ಕಲಸಿಟ್ಟು ಫೋನಲ್ಲಿ ಅರ್ಧ ಗಂಟೆ ಮಾತಾಡಿ ಆಮೇಲೆ ಹಚ್ಚಿದ್ರೂ ಅದೇ ಗತಿ, ಕಲಸಿದ ಕೂಡಲೇ ಬಟ್ಟಲಲ್ಲೇ ಕೆಲಸ ಶುರುವಾಗಿರತ್ತೆ. ಮಿಕ್ಕಿದ್ದನ್ನ ಬಾಟ್ಲಿಗೆ ತುಂಬಿ ಮುಚ್ಚಿಡ್ಬೇಡಿ, ಗ್ಯಾಸ್ ಕಟ್ಟಿ ಸಿಡಿಯತ್ತೆ. ಸ್ಟೀಲ್ ಬಟ್ಟಲೂ ಬೇಡ, ಪ್ಲಾಸ್ಟಿಕ್ ಸಾಕು.

ತಲೆಗೆ ಎಣ್ಣೆ ಇತ್ತಾ? ಹಿಂದಿನ ದಿನ ಅಮ್ಮ ಕೊಬ್ಬರಿ ಎಣ್ಣೆ ತಟ್ಟಿದ್ದು ಪೂರ್ತಿ ಹೋಗದೆ ಇದ್ರೆ, ಇಲ್ಲಾ ಕಂಡಿಷನರ್ ಮೇಲೇನೇ ಟೋನರ್ ಹಚ್ಚಿದ್ರೆ ಒಳಗೆ ಇಳಿಯಲ್ಲ. ಶಾಂಪೂ ಮಾಡಿ, ಕಂಡಿಷನರ್ ಬಿಟ್ಟು, ಟವೆಲಲ್ಲಿ ಒತ್ತಿ ನೀರು ತೊಟ್ಟಿಕ್ಕದ ಹಾಗೆ ಮಾಡ್ಕೊಂಡು ಹಚ್ಚಬೇಕು. ನೀರು ಸುರೀತಾ ಇರೋ ತಲೆಗೆ ಹಚ್ಚಿದ್ರೆ ಅರ್ಧ ಬೆನ್ನಿಗೆ ಹೋಗತ್ತೆ.

ಹಸಿರು ಬಂತು

ಇದು ನನ್ನದೇ ತಲೆ ಮೇಲೆ ಆಗಿದ್ದು, ಕೆಲಸ ಕಲಿತಾ ಇದ್ದ ಕಾಲದಲ್ಲಿ. ನನ್ನ ಮುಂದಿನ ಎಳೆಗಳು ಹೆಸರುಬೇಳೆ ಹಳದಿ ಆಗಿದ್ವು, ನಾನು ಬೂದಿ ಬಣ್ಣ ಬೇಕು ಅಂತ ಬೂದಿ ಛಾಯೆ ಟ್ಯೂಬ್ ತಗೊಂಡು ಹಚ್ಚಿ ಕೂತೆ. ಬೂದಿ ಅಂದ್ರೆ ಒಳಗಿರೋದು ನೀಲಿ. ಹಳದಿ ಮೇಲೆ ನೀಲಿ ಬಿದ್ರೆ ಏನಾಗತ್ತೆ ಅಂತ ಒಂದನೇ ಕ್ಲಾಸ್ ಡ್ರಾಯಿಂಗ್ ಮೇಷ್ಟ್ರು ಹೇಳ್ಕೊಟ್ಟಿದ್ದು ಆಗ ನೆನಪಾಗ್ಲೇ ಇಲ್ಲ. ತೊಳೆದು ಕನ್ನಡಿ ನೋಡಿದ್ರೆ ಬೇಯಿಸಿದ ಮೆಂತ್ಯ ಸೊಪ್ಪು. ನಮ್ಮಕ್ಕ ನಕ್ಕಿದ್ದು ಇವತ್ತಿಗೂ ನಿಂತಿಲ್ಲ.

ಹೀಗಾದ್ರೆ ಗಾಬರಿ ಬೇಡ. ತೆಳುವಾಗಿ ಹಸಿರಿದ್ರೆ ಡೀಪ್ ಕ್ಲೆನ್ಸಿಂಗ್ ಶಾಂಪೂ ಎರಡು ಮೂರು ಸಲ ಮಾಡಿದ್ರೇ ಇಳಿಯತ್ತೆ. ಗಟ್ಟಿಯಾಗಿದ್ರೆ ಎದುರಿನ ಬಣ್ಣ, ಅಂದ್ರೆ ಕೆಂಪಿನ ಕಡೆಯದ್ದು, ತೀರಾ ತೆಳುವಾಗಿ ಬೇಕು, ತಾಮ್ರದ ಛಾಯೆ ಇರೋ ಬಣ್ಣದ ಕಂಡಿಷನರ್ ಒಂದು ಚೂರನ್ನ ಬೇರೆ ಬಿಳಿ ಕಂಡಿಷನರ್‌ಗೆ ಬೆರೆಸಿ ಐದು ನಿಮಿಷ ಇಟ್ಟು ನೋಡಿ. ಜಾಸ್ತಿ ಆದ್ರೆ ಕಂದಾಗತ್ತೆ, ಅದಕ್ಕೆ ಮೊದ್ಲು ಕಿವಿ ಹಿಂದಿನ ಎಳೆ ಮೇಲೆ.

ಟೋನರ್ ಹಾಕದೇನೇ ನಿಧಾನಕ್ಕೆ ಹಸಿರು ತಿರುಗಿದ್ರೆ ಅದರ ದಾರಿ ಬೇರೆ, ಅಲ್ಲಿ ತಾಮ್ರ ಸೇರಿರತ್ತೆ. ಸ್ವಿಮ್ಮಿಂಗ್ ಪೂಲ್ ನೀರಲ್ಲಿರೋ ತಾಮ್ರದ ಅಂಶ ಬ್ಲೀಚ್ ಆದ ಕೂದಲಿಗೆ ಅಂಟತ್ತೆ, ಜನ ಕ್ಲೋರಿನ್ ಅಂತ ಬೈತಾರೆ ಆದ್ರೆ ಹಸಿರು ತಾಮ್ರದ್ದು. ಮಲೆನಾಡ ಕಡೆ ಮನೆಗಳಲ್ಲಿ ಇವತ್ತಿಗೂ ತಾಮ್ರದ ಹಂಡೆ ನೀರಲ್ಲಿ ಸ್ನಾನ, ಅಲ್ಲಿಂದ ಬಂದೋರ ಹೈಲೈಟ್ಸ್ (ಅಲ್ಲಲ್ಲಿ ಬ್ಲೀಚ್ ಮಾಡಿದ ಎಳೆಗಳು) ಹಸಿರು ತಿರುಗಿದ್ರೆ ನಾನು ಮೊದ್ಲು ಹಂಡೆ ಬಗ್ಗೆ ಕೇಳ್ತೀನಿ. ಇದಕ್ಕೆ ಇನ್ನೊಂದು ಬಣ್ಣ ಸುರಿಯೋದಲ್ಲ, ಚೀಲೇಟಿಂಗ್ ಶಾಂಪೂ ಅಂತ ಬರತ್ತೆ, ಅದು ಲೋಹನ ಹಿಡ್ಕೊಂಡು ಹೊರಗೆ ಹಾಕತ್ತೆ, ಪ್ಯಾಕ್ ಹಿಂದೆ ಇಡಿಟಿಎ ಅಂತ ಇದ್ಯಾ ನೋಡ್ಕೊಳ್ಳಿ.

ನೇರಳೆ, ಬೂದು, ಕೊಳೆ ಬಣ್ಣ

ತುದಿಗಳು ಮಾತ್ರ ಕೆಸರು ಬೂದಾಗಿ ನಡು ಚೆನ್ನಾಗಿದ್ರೆ ತುದಿ ಒಣಗಿ ರಂಧ್ರ ಬಿದ್ದಿದೆ ಅಂತ ಅರ್ಥ, ಹಳೇ ಸ್ಪಂಜ್ ಥರ ಸಿಕ್ಕಿದ್ದೆಲ್ಲಾ ಕುಡಿಯತ್ತೆ. ಮುಂದಿನ ಸಲ ಟೋನರ್ ಎಲ್ಲಿ ಕಿತ್ತಳೆ ಜಾಸ್ತಿ ಇದ್ಯೋ ಅಲ್ಲಿಂದ ಶುರು ಮಾಡಿ, ತುದಿಗೆ ಕೊನೇ ಐದು ನಿಮಿಷ ಸಾಕು. ಪೂರ್ತಿ ತಲೆ ನೇರಳೆ ಹೊಡೀತಾ ಇದ್ರೆ ಟೈಮ್ ಜಾಸ್ತಿ ಆಗಿದೆ ಅಷ್ಟೇ, ನಾಲ್ಕೈದು ಸಲ ತಲೆ ತೊಳೆದ್ರೆ ತಾನೇ ಇಳಿಯತ್ತೆ, ಬ್ಲೀಚ್ ಹಾಕಿ ತೆಗೀತೀನಿ ಅಂತ ಹೋಗ್ಬೇಡಿ.

ಇನ್ನೊಂದು ಗಮನಿಸಿ, ತಲೆ ಮೇಲೆ ಇರೋವಾಗ ಟೋನರ್ ಕಡು ನೇರಳೆ ಆಗಿ ಹೆದರ್ಸತ್ತೆ. ಅದು ಮೇಲಿನ ಕ್ರೀಮ್ ಬಣ್ಣ. ಐದೈದು ನಿಮಿಷಕ್ಕೆ ಒಂದು ಎಳೆ ಟಿಶ್ಯೂನಲ್ಲಿ ಒರೆಸಿ ಒಳಗಿನ ಬಣ್ಣ ನೋಡಿ. ಹೆದರಿ 4 ನಿಮಿಷಕ್ಕೇ ತೊಳೆದು ಆಮೇಲೆ ಕೆಲಸ ಮಾಡ್ಲಿಲ್ಲ ಅನ್ನೋರೂ ಇದಾರೆ, ಧಾರಾವಾಹಿ ನೋಡ್ತಾ ಮರೆತು ಒಂದು ಗಂಟೆ ಬಿಟ್ಟೋರೂ ಇದಾರೆ.

ಬಣ್ಣ ತೀರಾ ಗಾಢ ಆಯ್ತು ಅಂದ್ರೆ ಲೆವೆಲ್ ಉಲ್ಟಾ ತಪ್ಪಾಗಿದೆ, 9ರ ಕೂದಲಿಗೆ 6 ಹಾಕಿದೀರ.

ಬುಡ ಒಂದು ಬಣ್ಣ, ಕೆಳಗೆ ಒಂದು

ನೆತ್ತಿಯ ಶಾಖಕ್ಕೆ ಬುಡದಲ್ಲಿ ಬ್ಲೀಚ್ ಜೋರಾಗಿ ಕೆಲಸ ಮಾಡತ್ತೆ. ಮನೇಲಿ ಮಾಡ್ಕೊಳ್ಳೋರು ಬುಡದಿಂದ ತುದಿ ತನಕ ಒಟ್ಟಿಗೇ ಬಳೀತಾರೆ, ಬುಡ 9ಕ್ಕೆ ಏರಿರತ್ತೆ, ಕೆಳಗೆ ಇನ್ನೂ 6, 7. ಇಂಥ ತಲೆಗೆ ಒಂದೇ ಟೋನರ್ ಬಳಿದ್ರೆ ಎರಡು ಬಣ್ಣ ಎದ್ದು ಕಾಣತ್ತೆ. ಎರಡು ಬಟ್ಟಲಲ್ಲಿ ಎರಡು ಬೇರೆ ಕಲಸಿ ಹಚ್ಚಬೇಕು, ಇದು ಒಬ್ಬರೇ ಕನ್ನಡಿ ಮುಂದೆ ನಿಂತು ಮಾಡ್ಕೊಳ್ಳೋ ಕೆಲಸ ಅಲ್ಲ, ತಲೆ ಹಿಂದುಗಡೆ ಕಣ್ಣಿಲ್ಲ.

ಡೆವಲಪರ್ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. 10 ವಾಲ್ಯೂಮ್ ಅಂದ್ರೆ 3 ಪರ್ಸೆಂಟ್ ಪೆರಾಕ್ಸೈಡ್, 20 ಅಂದ್ರೆ 6, 30 ಅಂದ್ರೆ 9, 40 ಅಂದ್ರೆ 12. ಟೋನರ್‌ಗೆ 10ರ ಆಸುಪಾಸು ಸಾಕು, ಕೆಲವಕ್ಕೆ ಡಬ್ಬಿ ಮೇಲೇ 20 ಅಂತ ಬರೆದಿರತ್ತೆ, ಅದನ್ನ ಪಾಲಿಸಿ. 30, 40 ಹಾಕಿದ್ರೆ ಟೋನರ್ ಜೋರಾಗಿ ಹಿಡಿಯತ್ತೆ ಅನ್ನೋದು ಸುಳ್ಳು, ಬದಲಿಗೆ ಬಣ್ಣ ಮಾಡದ ಬುಡದ ಕಪ್ಪು ಕೂದಲೂ ತಿಳಿಯಾಗಿ ಕೆಂಪಾಗತ್ತೆ, ಇರೋ ಕಿತ್ತಳೆ ಜೊತೆ ಹೊಸ ಕಿತ್ತಳೆ. ಅಳತೆ ಕಣ್ಣಂದಾಜಲ್ಲಿ ಬೇಡ, ಅಡುಗೆಮನೆ ತಕ್ಕಡಿ ಇದ್ರೆ ಗ್ರಾಂ ಲೆಕ್ಕದಲ್ಲಿ ತೂಗಿ, ಸಾಮಾನ್ಯವಾಗಿ ಒಂದು ಪಾಲು ಟೋನರ್‌ಗೆ ಒಂದೂವರೆ ಎರಡು ಪಾಲು ಡೆವಲಪರ್, ಡಬ್ಬಿ ಏನು ಹೇಳತ್ತೋ ಅದು.

ಚೆನ್ನಾಗೇ ಬಂದಿತ್ತು, ಎರಡೇ ವಾರಕ್ಕೆ ಹೋಯ್ತು

ಟೋನರ್ ಪರ್ಮನೆಂಟ್ ಅಲ್ಲ, ನಾಲ್ಕರಿಂದ ಆರು ವಾರ ಬಂದ್ರೆ ಅದರ ಆಯಸ್ಸು ಅಷ್ಟೇ. ಅದಕ್ಕಿಂತ ಬೇಗ ಹೋದ್ರೆ ನೀರು ನೋಡಿ. ಬೆಂಗಳೂರಲ್ಲಿ ಕಾವೇರಿ ನೀರು ಬರೋ ಮನೆಯೋರಿಗೂ ಬೋರ್‌ವೆಲ್ ಟ್ಯಾಂಕರ್ ನಂಬ್ಕೊಂಡ ಅಪಾರ್ಟ್‌ಮೆಂಟಿನೋರಿಗೂ ಒಂದೇ ದಿನ ಒಂದೇ ಟೋನರ್ ಹಾಕಿ ಕಳ್ಸಿದ್ರೆ ವಾಪಸ್ ಬರೋವಾಗ ಬೇರೆ ಬೇರೆ ತಲೆ ಬರತ್ತೆ. ನಿಮ್ಮ ಬಕೆಟ್ ಅಂಚಲ್ಲಿ ಬಿಳಿ ಪೊರೆ ಕಟ್ಟಿದ್ಯಾ, ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗ್ತಿದ್ಯಾ, ಅದು ಗಡಸು ನೀರು. ಬಾತ್ರೂಮ್ ಟೈಲ್ಸ್ ಮೇಲೆ ತುಕ್ಕಿನ ಗೆರೆ ಬಿದ್ದಿದ್ರೆ ಕಬ್ಬಿಣ, ಅದು ಕೂದಲ ಮೇಲೂ ಹಾಗೇ ಕೂತು ತುಕ್ಕು ಬಣ್ಣ ಕೊಡತ್ತೆ. ತಿಂಗಳಿಗೊಂದೆರಡು ಸಲ ಚೀಲೇಟಿಂಗ್ ಶಾಂಪೂ, ಕೊನೇ ಒಂದು ಚೊಂಬು ಫಿಲ್ಟರ್ ನೀರು, ಇಷ್ಟು ಮಾಡಿದ್ರೂ ವ್ಯತ್ಯಾಸ ಕಾಣತ್ತೆ.

ಕುದಿಯೋ ಹಾಗಿರೋ ನೀರಲ್ಲಿ ತಲೆ ಸ್ನಾನ ಮಾಡ್ಬೇಡಿ. ಸ್ಟ್ರೈಟ್ನರ್ ಫುಲ್ ಬಿಸಿಗೆ ಇಟ್ಟು ಎಳೆದ್ರೆ ಟೋನ್ ಅಲ್ಲೇ ಹಾರಿಹೋಗತ್ತೆ, ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸೋದಿದ್ರೆ ಅದನ್ನ ಮೊದ್ಲು ಮುಗಿಸಿ ಆಮೇಲೆ ಟೋನರ್. ಎಣ್ಣೆ ಸ್ನಾನ ಬಿಡಿ ಅಂತ ನಾನು ಹೇಳಲ್ಲ, ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೇದೇ, ಆದ್ರೆ ಧಾರಾಳವಾಗಿ ಸುರಿದು ಆಮೇಲೆ ಅದನ್ನ ತೆಗೆಯೋಕೆ ಮೂರು ಸಲ ಶಾಂಪೂ ತಿಕ್ಕಿದ್ರೆ ಟೋನರೂ ಎಣ್ಣೆ ಜೊತೆ ಮೋರಿಗೆ.

ನೇರಳೆ ಶಾಂಪೂ ಹಳದಿಗೆ, ನೀಲಿ ಶಾಂಪೂ ಕಿತ್ತಳೆಗೆ. ವಾರಕ್ಕೊಂದು ಸಲ ಸಾಕು. ನೆರೆದ ಕೂದಲು ಬಿಳಿಯಾಗೇ ಬಿಟ್ಕೊಂಡಿರೋ ಆಂಟಿಯರು ಕೆಲವರು ಹಳದಿ ತಿರುಗತ್ತೆ ಅಂತಾರೆ, ಅವರಿಗೆ ಟೋನರ್ ಯಾಕೆ, ಈ ನೇರಳೆ ಶಾಂಪೂನೇ ಧಾರಾಳ.

ಅರಿಶಿನ

ಮದುವೆ ಸೀಸನ್‌ನಲ್ಲಿ ಮಾತ್ರ ಬರೋ ಕೇಸ್ ಇದು. ಹೈಲೈಟ್ಸ್ ಮಾಡಿಸ್ಕೊಂಡ ಮದುಮಗಳ ತಲೆ ಮೇಲೆ ಅರಿಶಿನ ಶಾಸ್ತ್ರದಲ್ಲಿ ಅತ್ತೆ ಚಿಕ್ಕಮ್ಮಂದಿರು ಪ್ರೀತಿಯಿಂದ ಅರಿಶಿನ ನೀರು ಸುರೀತಾರೆ, ಸಂಜೆಗೆ ಹೈಲೈಟ್ಸ್ ಸೇವಂತಿಗೆ ಹಳದಿ. ಕೂಡಲೇ ಟೋನರ್ ಹಚ್ಚೋಕೆ ಹೋಗ್ಬೇಡಿ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗತ್ತಲ್ಲ, ಟೋನರ್‌ನಲ್ಲಿರೋ ಅಮೋನಿಯಾನೂ ಸುಣ್ಣದ ಹಾಗೇ ಕ್ಷಾರ. ಅರಿಶಿನದ ಬಣ್ಣ ಎಣ್ಣೆಯಲ್ಲಿ ಕರಗತ್ತೆ, ಬಿಸಿಲಿಗೆ ಮಾಸತ್ತೆ. ಆ ಎಳೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟು ಒರೆಸಿ, ಶಾಂಪೂ ಮಾಡಿ, ಟೆರೇಸ್ ಬಿಸಿಲಲ್ಲಿ ಕೂದಲು ಒಣಗಿಸಿ. ಮುಕ್ಕಾಲು ಹೋಗಿರತ್ತೆ. ಶಾಸ್ತ್ರಕ್ಕೆ ಮುಂಚೆನೇ ಹೈಲೈಟ್ಸ್‌ಗೆ ಎಣ್ಣೆ ಸವರಿ ಜಡೆ ಕಟ್ಟಿ ಮೇಲೆತ್ತಿ ಶವರ್ ಕ್ಯಾಪ್ ಹಾಕಿದ್ರೆ ಇಷ್ಟೂ ಬೇಡ, ಆದ್ರೆ ಫೋಟೋ ಚೆನ್ನಾಗಿ ಬರಲ್ಲ ಅಂತ ಈ ಮಾತನ್ನ ಯಾರೂ ಕೇಳಲ್ಲ.

ಆ ಹುಡುಗಿಗೆ ಏನು ಮಾಡಿದ್ವಿ

ಮೊದ್ಲು ಕಿವಿ ಹಿಂದೆ ಚೂರು ಹಚ್ಚಿ ಕಳ್ಸಿದೆ. ಟೋನರ್‌ಗಳಲ್ಲೂ ಹೇರ್ ಡೈನಲ್ಲಿರೋ ಪಿಪಿಡಿ (ಅಲರ್ಜಿ ತರಿಸ್ಬೋದಾದ ರಾಸಾಯನಿಕ) ಥರದ್ದು ಇರತ್ತೆ, 48 ಗಂಟೆ ನೋಡದೆ ತಲೆಗೆ ಹಚ್ಚಬಾರದು, ಮನೇಲಿ ಅವಳು ಮೂರು ಸಲ ಹಚ್ಚಿದ್ದು ಬೇರೆ ಕಂಪನಿದು. ಅಂದ್ರೆ ಭಾನುವಾರ ಬೆಳಗ್ಗೆನೇ ಬರ್ಬೇಕಾಯ್ತು, ಪುಣ್ಯಕ್ಕೆ ನಿಶ್ಚಿತಾರ್ಥ ಸಂಜೆ ಇತ್ತು. ಅವಳಮ್ಮ ಇವತ್ತೇ ಮಾಡಮ್ಮ ಅಂತ ಎಷ್ಟು ಕೇಳಿದ್ರೂ ನಾನು ಒಪ್ಲಿಲ್ಲ, ಮುಖ ಊದ್ಕೊಂಡು ಹಸೆಮಣೆ ಮೇಲೆ ಕೂರೋದಕ್ಕಿಂತ ಕಿತ್ತಳೆ ತಲೆ ಮೇಲು.

ಭಾನುವಾರ ಆ 48 ಗಂಟೆ ತುಂಬಿದ್ಮೇಲೆ ಬಂದ್ಲು. ಕಿವಿ ಹಿಂದೆ ಕೆಂಪಿಲ್ಲ, ತುರಿಕೆ ಇಲ್ಲ. ಎಳೆ ಎಳೆದು ನೋಡ್ದೆ, ತುದಿ ಸ್ವಲ್ಪ ಬಳಲಿದೆ ಆದ್ರೆ ತಡ್ಕೊಳ್ಳತ್ತೆ. ಬ್ಲೀಚ್ ಮಾತೇ ಎತ್ಲಿಲ್ಲ. 6ನೇ ಲೆವೆಲ್ ನೀಲಿ ಬೂದಿ ಛಾಯೆಯ ಅಮೋನಿಯಾ ಇಲ್ಲದ ಕ್ರೀಮ್ ಕಲರ್, ಕಡಿಮೆ ಡೆವಲಪರ್, ಕಿತ್ತಳೆ ಇದ್ದ ನಡುಭಾಗಕ್ಕೆ ಮೊದ್ಲು. ಬುಡದ ಹಳದಿಗೆ ಬರೀ ನೀಲಿ ಹಾಕಿದ್ರೆ ನನ್ನ ಮೆಂತ್ಯ ಸೊಪ್ಪಿನ ಕಥೆ ಆಗತ್ತಲ್ಲ, ಅದಕ್ಕೆ ಬೇರೆ ಬಟ್ಟಲಲ್ಲಿ 5ನೇ ಲೆವೆಲ್ ಸಾದಾ ಕಂದು, ಹುಟ್ಟು ಬಣ್ಣದ ಹತ್ತಿರಕ್ಕೆ ಬರ್ಲಿ ಅಂತ. ಹನ್ನೆರಡನೇ ನಿಮಿಷಕ್ಕೆ ಒಂದು ಎಳೆ ಒರೆಸಿದ್ರೆ ಇನ್ನೂ ತಾಮ್ರ ಇಣುಕ್ತಿತ್ತು, ಹದಿನೆಂಟಕ್ಕೆ ನೋಡಿದ್ರೆ ಕಾಫಿ ಡಿಕಾಕ್ಷನ್‌ಗೆ ಹಾಲು ಬೆರೆಸಿದ ಹಾಗಿನ ತಣ್ಣನೆ ಕಂದು, ಅಲ್ಲಿಗೆ ತೊಳೆದುಬಿಟ್ಟೆ. ಒಣಗಿಸಿ ಹೊರಗೆ ಬಾಗಿಲ ಬೆಳಕಿಗೆ ಕರ್ಕೊಂಡು ಹೋಗಿ ನಿಲ್ಸಿದಾಗ ಅವಳಮ್ಮ ಮೊದಲ ಸಲ ಸೀಲಿಂಗ್ ಬಿಟ್ಟು ಮಗಳ ತಲೆ ನೋಡಿದ್ರು, "ಇದನ್ನೇ ಮೊದ್ಲು ಮಾಡ್ಸಿದ್ರೆ ಆಗ್ತಿರ್ಲಿಲ್ವಾ" ಅಂದ್ರು.

ಸಂಜೆ ಹುಡುಗಿ ಫೋಟೋ ಕಳ್ಸಿದ್ಲು. ಹಸಿರು ಸೀರೆ, ಉದ್ದ ಜಡೆ, ಜಡೆ ತುಂಬಾ ಮಲ್ಲಿಗೆ. ಕನಕಾಂಬರ ಮಾತ್ರ ಬೇಡ್ವೇ ಬೇಡ ಅಂತ ಹೂವಿನವಳಿಗೆ ಎರಡೆರಡು ಸಲ ಹೇಳಿದ್ಲಂತೆ.